ಸ್ಯಾಂಪಲ್ ಹಾಲು

ಕ್ಯಾನಿಗೆ ಹಾಲು ಸುರಿಯುವ ಸದ್ದು ಕೇಳಿದರೆ ಆ ಬೆಳಿಗ್ಗೆ ವಸಂತನಿಗೆ ಓಕರಿಕೆ ಬರುತ್ತಿತ್ತು. ಊರಿನ ಡೈರಿಗೆ ಸೆಕ್ರೆಟರಿಯಾದಾಗಿನಿಂದ ಎರಡು ಹೊತ್ತೂ ಕೇಳಿದ ಸದ್ದು ಅದು. ಸಿಮೆಂಟು ನೆಲದ ಮೇಲೆ ನಿನ್ನೆ ಚೆಲ್ಲಿ ಹುಳಿಹಿಡಿದ ಹಾಲು, ಅದರ ಮೇಲೆ ಕೂತು ಏಳಲೊಲ್ಲದ ನೊಣಗಳು, ಸೋಸುವ ಬಟ್ಟೆಯಲ್ಲಿ ಸಿಕ್ಕಿಕೊಂಡ ಸಗಣಿಯ ಚೂರು ಮತ್ತು ಹಸುವಿನ ಕೂದಲು, ಸಾಲಿನಲ್ಲಿ ನಿಂತವರ ಬಾಯಿಂದ ಬರುವ ಬೀಡಿಯ ನಾತ, ಎಲ್ಲವೂ ಇದ್ದದ್ದೇ. ಆದರೆ ಇವತ್ತು ಅವೆಲ್ಲ ಒಟ್ಟಾಗಿ ಅವನ ಗಂಟಲಿನಲ್ಲಿ ಕೂತಿದ್ದವು. ಬೆಚ್ಚಗಿನ ಹಾಲು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಪ್ಪಗೆ, ಸೋಮಾರಿಯಾಗಿ ಇಳಿಯುವಾಗ ಅದು ಒಂದು ಮೈಯೊಳಗಿನಿಂದ ಬಂದದ್ದು ಎಂಬುದು ಮೊದಲ ಸಲ ಹೊಳೆದವನಂತೆ ಮುಖ ತಿರುಗಿಸಿದ. ಯಂತ್ರ ಪ್ರತಿಯೊಬ್ಬರ ಹಾಲಿಗೂ ಫ್ಯಾಟು ತೋರಿಸಿ, ಗಟ್ಟಿತನದ ಡಿಗ್ರಿ ತೋರಿಸಿ ಕಿರುಗುಟ್ಟುತ್ತಿತ್ತು. ನೀರು ಬೆರೆಸಿದ ಹಾಲನ್ನು ಹಿಡಿಯಲು ಅವನಿಗೆ ಯಂತ್ರ ಬೇಕಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಹಾಲು ತೆಳ್ಳಗಾಗುವ ಕಡೆ ಸಣ್ಣದೊಂದು ನೀಲಿ ಕಾಣುತ್ತದೆ, ಅಷ್ಟೇ. ನಿನ್ನೆ ಅಂಗನವಾಡಿಯಲ್ಲಿ ಮಗಳ ಬೆರಳಿನ ಹನಿಯನ್ನು ನೋಡಿದ್ದು ಕೂಡ ಇದೇ ಕಣ್ಣು.

ಊರಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಆರೋಗ್ಯ ಇಲಾಖೆಯವರು ಬೆರಳಿಗೆ ಚುಚ್ಚುತ್ತಿದ್ದರು. ಧನುಶ್ರೀಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವನು ವಸಂತನೇ. ಹೆಂಡತಿ ರಮ್ಯ ಹಿಂದೆ ನಿಂತಿದ್ದಳು. ಎರಡೂವರೆ ವರ್ಷದ ಮಗು, ದುಂಡುದುಂಡಗೆ, ಬೆಣ್ಣೆ ಮೆತ್ತಿದಂಥ ಕೆನ್ನೆ. ಉಳಿದ ಮಕ್ಕಳು ಸೂಜಿ ಕಂಡು ಕಿರುಚುತ್ತಿದ್ದರೆ ಇದು ಸುಮ್ಮನೆ ಕೈಕೊಟ್ಟಿತು. ನೋಡಿ ಕಲೀರಿ ಎಂದು ಅವನು ಪಕ್ಕದವರ ಕಡೆ ಹೆಮ್ಮೆಯಿಂದ ತಿರುಗಿದ್ದ. ಆಮೇಲೆ ಹನಿ ಬಂತು. ಅದು ಕೆಂಪಾಗಿರಲಿಲ್ಲ. ಅಕ್ಕಿ ತೊಳೆದ ನೀರಿಗೆ ಒಂದು ಚಿಟಿಕೆ ಕುಂಕುಮ ಬಿದ್ದಂತಿತ್ತು. ಬೆರಳ ತುದಿಯಲ್ಲಿ ನಿಲ್ಲಲೂ ಆಗದೆ ಪಕ್ಕಕ್ಕೆ ಜಾರಿತು. ನೀರು ಬೆರೆತಿದೆ ಅಂದುಕೊಂಡ ವಸಂತ. ಮಗಳ ರಕ್ತದ ಬಗ್ಗೆ ತನಗೆ ಬಂದ ಮೊದಲ ಮಾತು ಅದು. ಯಾರೋ ಮೋಸ ಮಾಡಿದ್ದಾರೆ, ಇದನ್ನು ವಾಪಸು ಕಳಿಸಬೇಕು ಎನ್ನುವಂಥ ಸಿಡುಕು. ಹಿಮೋಗ್ಲೋಬಿನ್ ನಾಲ್ಕೂವರೆ ಎಂದರು. ಹನ್ನೊಂದಾದರೂ ಇರಬೇಕಂತೆ. ಆ ಸಾಲಿನಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅಷ್ಟಿರಲಿಲ್ಲ. ಎಂಟು, ಒಂಬತ್ತು ಎಂದು ಕೇಳಿಬರುತ್ತಿತ್ತು. ಆದರೆ ಹನ್ನೊಂದು ದಾಟಿದ್ದು ಲೇಔಟಿನ ಗಾರೆ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವವರ ಮಗು. ಕಪ್ಪಗೆ, ಒಣಕಲಾಗಿ, ಮೂಗು ಸುರಿಸಿಕೊಂಡು, ಒಣರೊಟ್ಟಿಯ ತುಂಡೊಂದನ್ನು ಕಚ್ಚಿಕೊಂಡು ನಿಂತಿದ್ದ ಅದನ್ನು ಕಂಡು ವಸಂತನಿಗೆ ಆದದ್ದು ಅವಮಾನ. ಭಯ ಆಮೇಲೆ ಬಂತು. ಈ ಕ್ರಮವನ್ನು ಅವನು ರಾತ್ರಿಯಿಡೀ ಮನಸ್ಸಿನಲ್ಲಿ ಬದಲಾಯಿಸಲು ನೋಡಿದ. ಆಗಲಿಲ್ಲ.

ಬರೀ ಹಾಲು ಕುಡಿಯುವ ಮಕ್ಕಳಿಗೂ ಹೀಗಾಗುವುದುಂಟು ಎಂದು ಅಂಗನವಾಡಿಗೆ ಬಂದಿದ್ದ ಡಾಕ್ಟರು ಹೇಳಿದ್ದರು. ನಾಳೆಯೇ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಿನಕ್ಕೆ ಎಷ್ಟು ಹಾಲು ಕುಡೀತಾಳೆ ಅನ್ನೋದನ್ನ ಅಲ್ಲಿ ಸರಿಯಾಗಿ ಹೇಳಿ, ಅದರ ಮೇಲೆ ಮುಂದಿನದು ಎಂದಿದ್ದರು.

ಡೈರಿಯ ಸಾಲಿನಲ್ಲಿ ಬೈರಣ್ಣನ ಸರದಿ ಬಂತು. ಅವನು ಎಂದಿನಂತೆ ವಸಂತನ ಮುಖ ನೋಡದೆ ಸೌಟನ್ನು ನೋಡುತ್ತಿದ್ದ. ಉದ್ದ ಹಿಡಿಯ ಆ ಸೌಟನ್ನು ಅದ್ದಿ, ಪರೀಕ್ಷೆಗೆ ಬೇಕಾದಷ್ಟನ್ನು ಬಾಟಲಿಗೆ ಹಾಕಿ ಉಳಿದದ್ದನ್ನು ಅವರವರ ಪಾತ್ರೆಗೇ ಸುರಿಯಬೇಕು. ವಸಂತ ಅದನ್ನು ಕಾಲ ಬಳಿಯ ಸ್ಟೀಲು ಡಬ್ಬಿಗೆ ಸುರಿಯುತ್ತಿದ್ದ. ಬಾಟಲಿಯ ಸ್ಯಾಂಪಲ್ ಹಾಲನ್ನೂ ಅಷ್ಟೇ. ಅದನ್ನು ಮಾರಿ ಸಂಘಕ್ಕೆ ಜಮಾ ಮಾಡಬೇಕೆಂಬ ನಿಯಮವಿದ್ದರೂ ಅದು ಅದೇ ಡಬ್ಬಿಯಲ್ಲಿ ಮನೆಗೆ ಹೋಗುತ್ತಿತ್ತು. ಒಬ್ಬೊಬ್ಬರದು ಒಂದೊಂದು ಗುಟುಕು. ಊರಿನ ಎಲ್ಲ ಹಸುಗಳ ಹಾಲು ಒಂದರೊಳಗೊಂದು ಬೆರೆತು ಬೆಳಿಗ್ಗೆ ಒಂದು ಲೀಟರು, ಸಂಜೆ ಒಂದು ಲೀಟರು, ಎಲ್ಲ ಧನುವಿಗೇ. ಮನೆಯಲ್ಲಿ ಹಸುವಿರಲಿಲ್ಲ. ಅಪ್ಪ ಹೋದ ಮೇಲೆ ಇದ್ದ ಎರಡನ್ನೂ ಮಾರಿ ಕೊಟ್ಟಿಗೆಯಲ್ಲಿ ಬೈಕು ನಿಲ್ಲಿಸುತ್ತಿದ್ದ. ಹೋದ ತಿಂಗಳು ಸಂಘದ ಸಭೆಯಲ್ಲಿ ಬೈರಣ್ಣ ಎದ್ದು ನಿಂತು, ನಮ್ಮ ಹಸು ಹಾಲೆಲ್ಲ ಸೌಟಲ್ಲೇ ಹೋಯ್ತದೆ, ಇದನ್ನ ಕೇಳೋರು ಯಾರು ಎಂದು ಶುರುಮಾಡಿದಾಗ, ಅಧ್ಯಕ್ಷ ಅಪ್ಪಯ್ಯಣ್ಣ ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು, ನೋಡಾಣ ಕುಂತ್ಕಳಪ್ಪ ಎಂದು ಕೂರಿಸಿದ್ದ. ಯಾವುದನ್ನು ನೋಡುತ್ತಾನೆ, ಯಾವಾಗ ನೋಡುತ್ತಾನೆ ಎಂದು ಆವತ್ತಿನಿಂದ ವಸಂತ ಕಾಯುತ್ತಿದ್ದ. ಈಗ ಸೌಟಿನಲ್ಲಿ ಉಳಿದದ್ದನ್ನು ಬೈರಣ್ಣನ ಪಾತ್ರೆಗೇ ವಾಪಸು ಸುರಿದ. ಬೈರಣ್ಣ ಬೆಚ್ಚಿದವನಂತೆ ತಲೆಯೆತ್ತಿ, "ಯಾಕ್ಲಾ, ಮಗೀಗೆ ಬೇಡ್ವಾ?" ಎಂದ. ಅದು ಕೊಂಕೋ ಕನಿಕರವೋ ತಿಳಿಯಲಿಲ್ಲ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಸ್ಪತ್ರೆಗೆ ಬೈಕಿನಲ್ಲೇ ಹೋಗುವುದೆಂದು ಅವನು ಎಣಿಸಿದ್ದ. ಮನೆಯ ಮುಂದೆ ಅಪ್ಪಯ್ಯಣ್ಣನ ಬಿಳಿ ಕಾರು ನಿಂತಿತ್ತು. ತಾಲ್ಲೂಕು ಕಚೇರಿಯಲ್ಲಿ ಹೇಗೂ ಕೆಲಸವಿದೆ, ಆಸ್ಪತ್ರೆಯಲ್ಲಿ ಗೊತ್ತಿರುವವರಿದ್ದಾರೆ, ಕೂಸನ್ನ ಗಾಳಿಗೆ ಒಡ್ಡಿಕೊಂಡು ಹೋಗ್ತೀಯೇನ್ಲಾ ಎಂದು ಬೈದೇ ಹತ್ತಿಸಿಕೊಂಡ. ಬೇಡ ಎನ್ನಲು ವಸಂತನಿಗೆ ಒಂದು ಕಾರಣವೂ ತೋಚಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ. ಅವ್ವ ಅಕ್ಕಯಮ್ಮ ಬಾಗಿಲಲ್ಲಿ ನಿಂತು ಮಗುವಿಗೆ ದೃಷ್ಟಿ ತೆಗೆದಳು. ಎಲೆಯಡಿಕೆಯ ರಸ ಅವಳ ಗಲ್ಲದವರೆಗೆ ಇಳಿದಿತ್ತು. ಇಂಥ ಬೆಳ್ಳನೆ ಮಗೀಗೆ ಎಲ್ಲರ ಕಣ್ಣೂ, ಆ ಸೂಜಿ ಚುಚ್ಚೋರ ಕಣ್ಣೂ ಎಂದು ಗೊಣಗಿದಳು. ಅಪ್ಪ ಕಪ್ಪು, ಅವ್ವ ಕಪ್ಪು, ವಸಂತ ಕಪ್ಪು. ರಮ್ಯ ಎಣ್ಣೆಗೆಂಪಾದರೂ ಮದುವೆಯಲ್ಲಿ ಪೌಡರು ಹಚ್ಚಿಯೇ ಕೂರಿಸಿದ್ದರು. ಇಂಥ ಮನೆಯಲ್ಲಿ ಮಗು ತಿಂಗಳು ತಿಂಗಳಿಗೆ ಬೆಳ್ಳಗಾಗುತ್ತ ಬಂದಾಗ ಮನೆಗೇನೋ ಬಡ್ತಿ ಸಿಕ್ಕಂತಾಗಿತ್ತು. ಹಾಲಿನ ಮಹಿಮೆ ಎಂದಳು ಅವ್ವ. ರಮ್ಯ ಮುದ್ದೆ ಕಲಸಿ, ಸೊಪ್ಪಿನ ಸಾರು ಅದ್ದಿ ತಿನ್ನಿಸಲು ಕೂತರೆ, ರಾಗಿ ತಿನ್ನಿಸಿ ಅದನ್ನೂ ನಿಮ್ಮಪ್ಪನ ಮನೆ ಬಣ್ಣಕ್ಕೆ ತರ್ತೀಯಾ ಎಂದು ಅವ್ವ ತಟ್ಟೆ ಎತ್ತಿಡುತ್ತಿದ್ದಳು. ಹಾಲು ಕುಡಿದ್ರೆ ಊಟ ಎಲ್ಲಿ ಸೇರ್ತದೆ, ಒಂದೊತ್ತಾದ್ರೂ ನಿಲ್ಸಿ ಎಂದು ರಮ್ಯ ರಾತ್ರಿ ಅವನಿಗೆ ಹೇಳಿದ್ದುಂಟು. ಅವನು ಫೋನಿನಲ್ಲಿ ಮಗುವಿನ ಫೋಟೊ ನೋಡುತ್ತಿದ್ದ. ಬಣ್ಣ ತಿದ್ದುವುದೇ ಬೇಕಿಲ್ಲ ಎಂದು ಅವಳಿಗೇ ತೋರಿಸಿದ.

ಕಾರಿನೊಳಗೆ ಮಲ್ಲಿಗೆಯ ಸೆಂಟು, ಅದರಡಿಯಲ್ಲಿ ನಿನ್ನೆಯ ಕೋಳಿಸಾರಿನ ಕಮಟು. ಕಾರ್ಖಾನೆಗಳ ಕಾಂಪೌಂಡು, ದ್ರಾಕ್ಷಿ ತೋಟ, ಮತ್ತೆ ಕಾಂಪೌಂಡು ಸರಿದು ಹೋದವು. ಧನು ರಮ್ಯಳ ಎದೆಗೆ ಒರಗಿ ಕಿಟಕಿಯ ರಬ್ಬರನ್ನು ನೆಕ್ಕುತ್ತಿತ್ತು. ಹೀಗೇ ಅದು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದದ್ದು. ಒಂದು ಮಧ್ಯಾಹ್ನ ಅವನು ಅದನ್ನು ಹಿಡಿದುಹಾಕಿದ್ದ. ಕೂಲಿಯೋರ ಮಕ್ಕಳಂಗೆ ಮಣ್ಣು ತಿಂತೀಯಾ ಎಂದು ಬಾಯಿಗೇ ಬಾರಿಸಿ, ದವಡೆ ಅಮುಕಿ ಬಾಯಿ ತೆರೆಸಿ ಬೆರಳು ಹಾಕಿ ತೆಗೆದಿದ್ದ. ಒಳಗೆ ಸುಣ್ಣ ಎಲ್ಲಿ ಮುಗಿದು ನಾಲಿಗೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಬಣ್ಣ. ನೋಡಿದ್ದ. ಕಣ್ಣಾರೆ ನೋಡಿ, ಬೆರಳನ್ನು ಲುಂಗಿಗೆ ಒರೆಸಿಕೊಂಡು ಡೈರಿಗೆ ಹೋಗಿ, ಯಾರದೋ ಹಾಲಿನಲ್ಲಿ ಡಿಗ್ರಿ ಕಮ್ಮಿ ಎಂದು ಜಗಳವಾಡಿ ವಾಪಸು ಕಳಿಸಿದ್ದ.

"ಎಲ್ಲ ಸರಿಹೋಯ್ತದೆ ಕಣೋ," ಎಂದ ಅಪ್ಪಯ್ಯಣ್ಣ ಕನ್ನಡಿಯಲ್ಲಿ ಅವನನ್ನು ನೋಡುತ್ತ. "ಮಕ್ಳಿಗೆ ಏನು, ಒಂದು ಬಾಟ್ಲಿ ಟಾನಿಕ್ ಕೊಟ್ರೆ ಎದ್ದು ಓಡ್ತವೆ."

ಆಸ್ಪತ್ರೆಯಲ್ಲಿ ಫಿನಾಯಿಲಿನ ಮೇಲೆ ಉಚ್ಚೆಯ ವಾಸನೆ ತೇಲುತ್ತಿತ್ತು. ಬೆಂಚಿನ ಮೇಲೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು ಕೂತಿದ್ದರು. ಒಂದು ಮಗು ಬಿಸ್ಕತ್ತನ್ನು ಕಾಫಿಗೆ ಅದ್ದಿ ಚೀಪುತ್ತಿತ್ತು, ಕರಗಿದ್ದು ಮೊಣಕೈವರೆಗೆ ಇಳಿಯುತ್ತಿತ್ತು. ಅದರ ಕಣ್ಣಿನ ಕೆಳರೆಪ್ಪೆಯನ್ನು ವಸಂತ ತನಗರಿವಿಲ್ಲದೆ ದಿಟ್ಟಿಸಿದ. ಪಕ್ಕದ್ದನ್ನೂ ನೋಡಿದ. ಬಿಳಿ, ಬಿಳಿ. ಒಮ್ಮೆ ಕಂಡ ಮೇಲೆ ಎಲ್ಲ ಕಡೆಯೂ ಅದೇ ಕಾಣುತ್ತಿತ್ತು. ಇಷ್ಟು ಜನರಿದ್ದಾರಲ್ಲ ಎಂದು ಅವನಿಗೆ ಸಮಾಧಾನವಾಯಿತು. ಆ ಸಮಾಧಾನದ ರುಚಿ ಬಾಯಲ್ಲಿ ಕಹಿಯಾಗಿ ಉಳಿಯಿತು.

ಗೊತ್ತಿರುವವರ ಹೆಸರು ಹೇಳಿ ಅಪ್ಪಯ್ಯಣ್ಣ ಅವರನ್ನು ಬೇಗ ಒಳಗೆ ಬಿಡಿಸಿದ. ತಾನೂ ಬಂದು ಡಾಕ್ಟರ ಎದುರಿನ ಒಂದೇ ಕುರ್ಚಿಯಲ್ಲಿ ಕೂತ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕಣ್ಣಿನಡಿ ನಿದ್ದೆಗೆಟ್ಟ ಕಪ್ಪು. ಮಗುವಿನ ರೆಪ್ಪೆ ಎಳೆದು, ಅಂಗೈ ಬಿಡಿಸಿ, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಗುಂಡಿಗೆ ಓಡ್ತಿದೆ ಎಂದರು. ಏನು ತಿನ್ನುತ್ತಾಳೆ ಎಂದು ಕೇಳಿದರು. ಎಲ್ಲ ತಿಂತಾಳೆ ಎಂದ ವಸಂತ. ಹಾಲು?

ರಮ್ಯ ಅವನ ಕಡೆ ನೋಡಿದಳು. ನೀವೇ ಹೇಳಿ ಎನ್ನುವಂಥ ನೋಟ. ಅಪ್ಪಯ್ಯಣ್ಣ ಮೇಜಿನ ಮೇಲಿದ್ದ ಪೇಪರ್ ವೈಟನ್ನು ತಿರುಗಿಸುತ್ತಿದ್ದ. ಎರಡು ಲೀಟರು ಎಂಬುದು ವಸಂತನ ನಾಲಿಗೆಯ ತುದಿಗೆ ಬಂತು. ಬಂದು, ಎಲ್ಲಿಂದ ಎಂಬ ಮುಂದಿನ ಪ್ರಶ್ನೆಯನ್ನು ಕಂಡು ಹಿಂದೆ ಸರಿಯಿತು. ಸಭೆ, ಬೈರಣ್ಣ, ನೋಡಾಣ. ಕೆಲಸ ಹೋದರೆ ಅದೇ ಡೈರಿಯ ಮುಂದೆ ದಿನಾ ಓಡಾಡಬೇಕು.

"ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ಮೇಡಂ," ಎಂದ.

ಅಷ್ಟೇನಾ ಎಂದು ಡಾಕ್ಟರು ಇನ್ನೊಮ್ಮೆ ಕೇಳಿದರು. ಅಷ್ಟೇ ಎಂದ. ಎರಡನೆಯ ಸಲ ಹೇಳುವುದು ಸುಲಭವಾಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿದರು. ಜಂತುಹುಳದ ಮಾತ್ರೆ ಕೊಟ್ಟಿದ್ದೀರಾ, ಕಕ್ಕಸಿನಲ್ಲಿ ರಕ್ತ ಕಂಡಿದೆಯಾ, ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿತ್ತಾ ಎಂದು ಕೇಳಿದರು. ಆಮೇಲೆ ತಮ್ಮಷ್ಟಕ್ಕೆ ಮಾತಾಡುವವರಂತೆ, ಮೈಕೈ ತುಂಬಿಕೊಂಡಿರುವ ಮಗು, ಊಟವೂ ಸರಿಯಿದೆ, ಹಾಗಾದರೆ ಇಷ್ಟು ಇಳಿದದ್ದು ಯಾಕೆ ಎಂದು ಬೇರೆ ಕಡೆಯೇ ಹುಡುಕಬೇಕಾಗುತ್ತದೆ ಎಂದರು. ಇಲ್ಲಿ ಪರೀಕ್ಷೆಗೆ ರಕ್ತ ತೆಗೆಸಿ, ನಿಮ್ಮನ್ನು ಬೆಂಗಳೂರಿಗೆ ಕಳಿಸುತ್ತೇನೆ. ಅಲ್ಲಿ ಸೊಂಟದ ಮೂಳೆಯೊಳಕ್ಕೆ ಸೂಜಿ ಹಾಕಿ ಒಳಗಿನದನ್ನು ತೆಗೆದು ನೋಡಬೇಕು ಅನ್ನಬಹುದು. ಈಗಲೇ ಹೆದರಬೇಡಿ, ನಾನೇನೂ ಹೇಳ್ತಿಲ್ಲ, ನೋಡ್ಬೇಕು ಅಷ್ಟೇ. ಅವರು ಹೇಳದೆ ಬಿಟ್ಟ ಕಾಯಿಲೆಯ ಹೆಸರು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಪಕ್ಕದ ಕೋಣೆಯಲ್ಲಿ ನರ್ಸು ಮಗುವಿನ ಕೈಯಲ್ಲಿ ನರ ಹುಡುಕುತ್ತಿದ್ದಳು. ಮೊಣಕೈ ಮಡಿಕೆಯಲ್ಲಿ ಚುಚ್ಚಿದಳು, ಸಿಗಲಿಲ್ಲ. ಅಂಗೈ ಹಿಂದೆ ಚುಚ್ಚಿದಳು. ದಪ್ಪ ಮಗು, ನರಾನೇ ಕಾಣಲ್ಲ ಎಂದು ಸಿಡುಕಿ ಪಾದಕ್ಕೆ ಬಂದಳು. ವಸಂತ ಆ ಪುಟ್ಟ ಪಾದವನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಮಗು ಅಳುತ್ತಿತ್ತು. ಆದರೆ ಅಳು ಗಂಟಲು ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು, ಎಲ್ಲೋ ದೂರದ ಮನೆಯ ಮಗುವಿನಂತೆ. ಅವನು ಒತ್ತಿದ ಕಡೆ ಬೆರಳಿನ ಗುರುತೂ ಏಳುತ್ತಿರಲಿಲ್ಲ, ಬಿಳಿಯ ಮೇಲೆ ಬಿಳಿ. ಈ ಮಾಂಸ, ಈ ಗುಂಡು ತೊಡೆ, ಇದೆಲ್ಲ ಬೈರಣ್ಣನ ಸೀಮೆಹಸುವಿನದು, ಅಪ್ಪಯ್ಯಣ್ಣನ ಎಮ್ಮೆಯದು, ಸಾಲಿನಲ್ಲಿ ನಿಂತವರೆಲ್ಲರದು. ಒಬ್ಬೊಬ್ಬರಿಂದ ಒಂದೊಂದು ಸೌಟು ಎತ್ತಿ ಎತ್ತಿ ಮಗಳನ್ನು ಕಟ್ಟಿದ್ದಾನೆ, ಒಳಗೆ ಹಾಕಬೇಕಾದ್ದನ್ನು ಹಾಕಲಿಲ್ಲ. ಇದೇ ಪಾದವನ್ನು ನಾಳೆ ಇನ್ನೂ ಗಟ್ಟಿಯಾಗಿ ಯಾರೋ ಹಿಡಿಯುತ್ತಾರೆ. ಬೋರಲು ಮಲಗಿಸುತ್ತಾರೆ. ಮೂಳೆಗೆ ಸೂಜಿ ಇಳಿಯುವಾಗ ಸದ್ದಾಗುತ್ತದೆಯೇ? ಸುಮ್ಮನಿದ್ದರೆ ಅದೂ ಆಗಿಹೋಗುತ್ತದೆ, ಅಲ್ಲಿಯವರು ಏನೂ ಇಲ್ಲ ಎಂದು ಕಳಿಸುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ಒಂದು ಕ್ಷಣ ಅವನು ಲೆಕ್ಕ ಹಾಕಿದ. ಸ್ಪಷ್ಟವಾಗಿ, ತಣ್ಣಗೆ ಹಾಕಿದ. ಹಾಕುತ್ತಿರುವುದು ತಾನೇ ಎಂದು ತಿಳಿದು, ಪಾದವನ್ನು ಬಿಟ್ಟು ಎದ್ದ.

ಡಾಕ್ಟರು ಬೆಂಗಳೂರಿಗೆ ಚೀಟಿ ಬರೆಯುತ್ತಿದ್ದರು. ಅಪ್ಪಯ್ಯಣ್ಣ ಅದೇ ಕುರ್ಚಿಯಲ್ಲಿ ಕೂತು, ಕಾರಿದೆ, ಈಗಲೇ ಕರ್ಕೊಂಡು ಹೋಗ್ತೀನಿ ಎಂದು ಹೇಳುತ್ತಿದ್ದ. ಹಿಂದಿನಿಂದ ರಮ್ಯ ಮಗುವನ್ನೆತ್ತಿಕೊಂಡು ಬಂದು ನಿಂತಳು.

"ಮೇಡಂ," ಎಂದ ವಸಂತ. "ಹಾಲು ಸ್ವಲ್ಪ ಜಾಸ್ತಿ ಕುಡೀತಾಳೆ."

"ಎಷ್ಟು?"

"ಎರಡು ಲೀಟರ್ ಆಗ್ಬಹುದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಮತ್ತೆ ಊಟ ಎಂದು ಕೇಳಿದರು. ಊಟ ಸೇರಲ್ಲ, ಗೋಡೆ ಸುಣ್ಣ ಕೆರೆದು ತಿಂತಾಳೆ ಎಂದ. ಆಗಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದಾಗ, ಇಲ್ಲಿಯತನಕ ಸರಿಯಾಗಿ ಬಂದವನು, ಯಾರೋ ಹಿಂದಿನಿಂದ ತಳ್ಳಿದಂತೆ, "ನಂಗೆ ಗೊತ್ತಿರ್ಲಿಲ್ಲ ಮೇಡಂ. ನಾನು ಡ್ಯೂಟಿಗೆ ಹೋಗ್ಬಿಡ್ತೀನಿ. ಇವಳೇ ಕೊಡೋದು," ಎಂದುಬಿಟ್ಟ.

ರಮ್ಯ ಅವನ ಕಡೆ ತಿರುಗಲೂ ಇಲ್ಲ. ಡಾಕ್ಟರು ಅವಳನ್ನು ಚೆನ್ನಾಗಿ ಬೈದರು. ಹಾಲಿನಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ನಬಹುದು, ಅದು ಹೊಟ್ಟೆ ತುಂಬಿಸುತ್ತೆ, ರಕ್ತ ಕೊಡಲ್ಲ. ಹೊಟ್ಟೆ ತುಂಬಿದ ಮಗು ಮುದ್ದೆ, ಸೊಪ್ಪು, ಮೊಟ್ಟೆ, ಕಾಳು ಏನೂ ಮುಟ್ಟಲ್ಲ. ಅಷ್ಟು ಹಾಲು ಕುಡಿದರೆ ಕರುಳಿನಿಂದ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರಿ ಹೋಗುತ್ತೆ. ಮಗು ಬೆಳ್ಳಗಿದೆ ಅಂತ ಖುಷಿಪಡ್ತಿದ್ರಾ? ಅದು ಬಣ್ಣ ಅಲ್ಲಮ್ಮ. ತಾಯಿಯಾಗಿ ಅಷ್ಟು ತಿಳಿಯಲ್ವಾ? ರಮ್ಯ ತಲೆಯಾಡಿಸಿದಳು. ಬೈಗುಳ ಒಂದೊಂದನ್ನೂ ಸರಿಯಾದ ವಿಳಾಸಕ್ಕೆ ಬಂದದ್ದೆಂಬಂತೆ ತೆಗೆದುಕೊಂಡಳು. ಅವಳ ಕತ್ತಿನ ಹಿಂಭಾಗದಲ್ಲಿ ಬೆವರು ಸಾಲಾಗಿ ಇಳಿಯುವುದನ್ನು ವಸಂತ ನೋಡುತ್ತಿದ್ದ. ಮೂಳೆಯ ಮಾತು ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಇಲ್ಲೇ ಸೇರಿಸಿಕೊಳ್ಳುತ್ತೇವೆ, ನಿಧಾನವಾಗಿ ಸ್ವಲ್ಪ ರಕ್ತ ಕೊಡುತ್ತೇವೆ, ಆಮೇಲೆ ತಿಂಗಳುಗಟ್ಟಲೆ ಕಬ್ಬಿಣದ ಔಷಧ. ಪರೀಕ್ಷೆಯಲ್ಲೂ ಅದೇ ಬಂದರೆ ಬೆಂಗಳೂರು ಬೇಕಾಗುವುದಿಲ್ಲ. ಬರೆದಿದ್ದ ಚೀಟಿಯನ್ನು ಹರಿದರು. ಆ ಸದ್ದಿಗೆ ವಸಂತ ಗೋಡೆಗೆ ಒರಗಿದ.

"ಅಷ್ಟೊಂದು ಹಾಲು ಎಲ್ಲಿಂದ ಬರುತ್ತೆ?" ಡಾಕ್ಟರು ಹೊಸ ಹಾಳೆ ಎಳೆದುಕೊಳ್ಳುತ್ತ ಸುಮ್ಮನೆ ಕೇಳಿದರು. "ಮನೇಲೇ ಹಸು ಕಟ್ಟಿದೀರಾ?"

ಪೇಪರ್ ವೈಟು ತಿರುಗುವುದು ನಿಂತಿತು. ವಸಂತ ಬಾಯಿ ತೆರೆದ.

"ಹೂಂ ಮೇಡಂ," ಎಂದಳು ರಮ್ಯ. "ಮನೇದೇ."

ಅಪ್ಪಯ್ಯಣ್ಣ ಕುರ್ಚಿಯಲ್ಲಿ ನಿಧಾನವಾಗಿ ತಿರುಗಿ ಮೊದಲು ರಮ್ಯಳನ್ನು, ಆಮೇಲೆ ವಸಂತನನ್ನು ನೋಡಿದ. ಸಂತೆಯಲ್ಲಿ ರಾಸಿನ ಸುತ್ತ ಒಂದು ಸುತ್ತು ಬಂದು ಹಲ್ಲು, ಗೊರಸು, ಬೆನ್ನು ನೋಡುವವರ ನೋಟ. ಅವನ ಮುಖದಲ್ಲಿ ಕೋಪವಿರಲಿಲ್ಲ. ಬಹಳ ದಿನದಿಂದ ಗೊತ್ತಿದ್ದದ್ದು ಕೈಗೆ ಸಿಕ್ಕಿದಾಗ ಬರುವ ತೃಪ್ತಿಯಿತ್ತು.

"ಒಳ್ಳೆ ಹಸು ಮೇಡಂ," ಎಂದ. "ಎರಡು ಹೊತ್ತೂ ತಪ್ಪಿಸಲ್ಲ. ನಾನೇ ನೋಡಿದೀನಿ. ಊರೋರೆಲ್ಲ ಮೇವು ಹಾಕ್ತೀವಿ ಅದಕ್ಕೆ."

ಡಾಕ್ಟರಿಗೆ ನಗು ಬಂತು. "ಹಾಗಾದ್ರೆ ಮೊದಲು ಅದನ್ನ ಮಾರಿಬಿಡಿ."

"ಮಾರಾದೆಂಗೆ ಮೇಡಂ, ಸಾಕಿಬಿಟ್ಟಿದೀವಿ," ಎಂದು ಅಪ್ಪಯ್ಯಣ್ಣ ಎದ್ದು ವಸಂತನ ಹೆಗಲ ಮೇಲೆ ಕೈಯಿಟ್ಟ. ಕೈ ಭಾರವಾಗಿತ್ತು, ಬೆಚ್ಚಗಿತ್ತು. "ಕಟ್ಟಿದ ಕಡೆ ಇರ್ತದೆ. ಸಾಧು. ಏನ್ಲಾ?"

ವಸಂತ ನಕ್ಕ. ನಗಬೇಕೆಂದು ಎಣಿಸಿರಲಿಲ್ಲ, ಅದು ತಾನಾಗಿ ಬಂತು. ಕೆಲಸ ಉಳಿಯಿತು, ಮಗು ಉಳಿಯುತ್ತದೆ ಎಂಬ ಎರಡು ಸಂತೋಷಗಳು ಒಟ್ಟಿಗೆ ಎದ್ದು ಬಂದವು. ಯಾವುದು ಮೊದಲು ಬಂತೆಂದು ಅವನಿಗೇ ತಿಳಿಯಲಿಲ್ಲ. ಹೌದಣ್ಣ ಎಂದ. ಇನ್ನೂ ನಕ್ಕ. ಹೆಗಲ ಮೇಲಿನ ಕೈ ಎರಡು ಸಲ ತಟ್ಟಿತು, ಅವನ ಬೆನ್ನು ಆ ತಟ್ಟಿಗೆ ತಾನಾಗಿ ಬಾಗಿತು. ರಮ್ಯ ಡಾಕ್ಟರು ಕೊಟ್ಟ ಹಾಳೆಯನ್ನು ತೆಗೆದುಕೊಂಡು, ಯಾವ ವಾರ್ಡು ಮೇಡಂ ಎಂದು ಕೇಳಿ ಬಾಗಿಲಿಗೆ ನಡೆದಳು. ಅವಳ ಹೆಗಲ ಮೇಲಿನಿಂದ ಧನು ಹಿಂದಕ್ಕೆ ನೋಡುತ್ತಿತ್ತು. ಕಣ್ಣಿನಲ್ಲಿ ಇನ್ನೂ ನೀರಿತ್ತು. ಅಪ್ಪ ನಗುತ್ತಿರುವುದನ್ನು ಕಂಡು ಸ್ವಲ್ಪ ಹೊತ್ತು ಯೋಚಿಸಿ, ಎಷ್ಟೋ ದಿನದಿಂದ ನಗದಿದ್ದ ಮಗು ಅವನಿಗಾಗಿ ಬಾಯಗಲಿಸಿ ನಕ್ಕಿತು, ಬಿಳಿ ಒಸಡು ಪೂರ್ತಿ ಕಾಣುವ ಹಾಗೆ.